ಚೀಲ ಎಷ್ಟು ಸಲ ಎತ್ತಿದಿರಿ? ಬೇಳೆ ಗಿರಣಿಯಲ್ಲಿ ‘ಲೀನ್’ ಹೀಗೆ ಶುರು ಮಾಡಿ

‘ಲೀನ್’ ಅಂದರೆ ಆಳು ಕಡಿಮೆ ಮಾಡುವುದು ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಲ್ಲ, ಕೆಲಸದೊಳಗಿನ ವ್ಯರ್ಥವನ್ನು ಹುಡುಕಿ ತೆಗೆಯುವ ಪದ್ಧತಿ ಅದು. ಜಪಾನಿನ ಟೊಯೋಟಾ ಕಾರು ಕಂಪನಿಯಲ್ಲಿ ಈ ಪದ್ಧತಿ ಬೆಳೆಸಿದ ತೈಚಿ ಓನೋ, ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಎಂಜಿನಿಯರುಗಳನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ: ಸುಮ್ಮನೆ ನೋಡಲಿಕ್ಕೆ. ಗಿರಾಕಿ ದುಡ್ಡು ಕೊಡದ ಕೆಲಸವೆಲ್ಲ ‘ಮುದಾ’, ಅಂದರೆ ವ್ಯರ್ಥ. ಕಲಬುರಗಿಯ ದಾಲ್ ಮಿಲ್ಲಿನವರು ಇದನ್ನು ಹೊಸ ಯಂತ್ರ ತರದೆಯೇ ಶುರು ಮಾಡಬಹುದು.

ಮೊದಲು ಒಂದು ಚೀಲದ ಬೆನ್ನು ಹತ್ತಿ. ಗಂಜಿನಿಂದ (ಧಾನ್ಯದ ಮಾರುಕಟ್ಟೆಯಿಂದ) ಬಂದ ತೊಗರಿ ಚೀಲಕ್ಕೆ ಬಣ್ಣದ ದಾರ ಕಟ್ಟಿ, ಅದು ಬೇಳೆಯಾಗಿ ಲಾರಿ ಏರುವ ತನಕ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಎಷ್ಟು ಸಲ ಎತ್ತಿ ಇಳಿಸಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗದ್ದುಗೆ ಮೇಲೆ ಕೂತು ಅಂದಾಜು ಹೇಳಬೇಡಿ. “ಇದೇ ಚೀಲ ನಾಕನೇ ಸಲ ಎತ್ತಲಾಕತ್ತೀವ್ರಿ ಸಾವ್ಕಾರ್ರ” ಎಂದು ಹಮಾಲರೇ ಹೇಳುತ್ತಾರೆ, ಕೇಳಬೇಕಷ್ಟೆ.

ಆದರೆ ಚೀಲದ ಲೆಕ್ಕದ ಮೇಲೆ ಕೂಲಿ ಪಡೆಯುವ ಹಮಾಲ, ಎತ್ತುವುದು ಕಡಿಮೆಯಾದರೆ ತನ್ನ ಹೊಟ್ಟೆಗೇ ಪೆಟ್ಟು ಎಂದು ತಿಳಿದ ಮೇಲೆ ಬಾಯಿ ಬಿಡುವುದಿಲ್ಲ. ಉಳಿತಾಯದಲ್ಲಿ ಅವರ ಪಾಲೆಷ್ಟು ಎಂಬುದನ್ನು ಮೊದಲೇ ಕೂತು ಮುಗಿಸಿ. ಸಲಹೆಗಾರರು ಈ ಮಾತನ್ನು ಹೇಳುವುದು ಕಡಿಮೆ.

ಎಲ್ಲ ಕಾಯುವಿಕೆಯೂ ವ್ಯರ್ಥವಲ್ಲ. ಎಣ್ಣೆ ಸವರಿದ ತೊಗರಿ ಬಿಸಿಲಿಗೆ ಒಣಗಲೇಬೇಕು, ಆಗಲೇ ಸಿಪ್ಪೆ ಸಡಿಲಾಗುವುದು. ಒಣಗಿದ ಮೇಲೂ ಸಿಪ್ಪೆ ತೆಗೆಯುವ ರೋಲರ್ ಖಾಲಿಯಿಲ್ಲವೆಂದು ಎರಡು ದಿನ ಅಂಗಳದಲ್ಲೇ ಬಿದ್ದಿದ್ದರೆ, ಅದು ವ್ಯರ್ಥ. ಅದರ ಬೆಲೆ ಹೀಗೆ ತೆಗೆಯಿರಿ. ದಿನಕ್ಕೆ 100 ಕ್ವಿಂಟಲ್ ಒಡೆಯುವ ಗಿರಣಿಯೊಳಗೆ 600 ಕ್ವಿಂಟಲ್ ಮಾಲು ಇದ್ದರೆ, ಒಳಬಂದ ಕಾಳು ಹೊರಬೀಳಲು 6 ದಿನ ಬೇಕು. ಕ್ವಿಂಟಲಿಗೆ 7,000 ರೂಪಾಯಿ ಹಿಡಿದರೆ ಸಿಕ್ಕಿಬಿದ್ದ ಹಣ 42 ಲಕ್ಷ. ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿಯಾದರೂ ತಿಂಗಳಿಗೆ 42,000. ಆ ಎರಡು ದಿನ ಕಳೆದರೆ 14 ಲಕ್ಷ ಕೈಗೆ ಬಂತು, ತಿಂಗಳ ಬಡ್ಡಿಯಲ್ಲಿ 14,000 ಉಳಿಯಿತು. ಮುಂದಿನ ಯಂತ್ರ ಕೇಳಿದಷ್ಟೇ ಮಾಲನ್ನು ಹಿಂದಿನವರು ತಯಾರು ಮಾಡಿದರೆ ಸಾಕು. ಇದಕ್ಕೆ ಟೊಯೋಟಾದಲ್ಲಿ ಕಾರ್ಡು ಬಳಸುತ್ತಾರೆ, ನಿಮಗೆ ನೆಲದ ಮೇಲೆ ಬಳಿದ ಹಳದಿ ಗೆರೆಯೇ ಆದೀತು. ಗೆರೆಯೊಳಗೆ ಚೀಲ ತುಂಬಿದ್ದರೆ ಹಿಂದಿನ ಕೆಲಸ ನಿಲ್ಲಬೇಕು.

ಮುಂದಿನದು ನುಚ್ಚು. 100 ಕಿಲೋ ತೊಗರಿಯಲ್ಲಿ ಸಿಪ್ಪೆ, ಮೊಳಕೆ ಬಿಟ್ಟು ಸುಮಾರು 85 ಕಿಲೋ ಬೇಳೆ ಇರುತ್ತದೆ. ಹಳೆಯ ಪದ್ಧತಿಯ ಗಿರಣಿಯಲ್ಲಿ ಸಿಗುವುದು 70ರಿಂದ 75. ಉಳಿದದ್ದು ನುಚ್ಚಾಗಿ, ಪುಡಿಯಾಗಿ ದನದ ಮೇವಿಗೆ ಹೋಗುತ್ತದೆ. ದಪ್ಪ ಕಾಳು, ಸಣ್ಣ ಕಾಳು ಕೂಡಿಸಿ ರೋಲರಿಗೆ ಹಾಕಿದರೆ ದಪ್ಪದ್ದು ಒಡೆಯುತ್ತದೆ, ಸಣ್ಣದ್ದು ಸಿಪ್ಪೆ ಸಮೇತ ಪಾರಾಗುತ್ತದೆ. ಹಾಗಾಗಿ ಜರಡಿ ಹಿಡಿದು ಬೇರೆ ಮಾಡಿಯೇ ಹಾಕಿ. ಗಂಟೆಗೊಮ್ಮೆ ನುಚ್ಚು ತೂಗಿ, ಗೋಡೆಯ ಹಲಗೆಯ ಮೇಲೆ ಬರೆಸಿ. ಅಂಕಿ ಏರಿದ ಕೂಡಲೇ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸುವ ಅಧಿಕಾರ ಮಿಸ್ತ್ರಿಗೆ ಇರಲಿ. ಯಂತ್ರ ನಿಂತಿದ್ದಕ್ಕೆ ಒಮ್ಮೆ ಬೈದಿರೋ, ಅವನು ಇನ್ನೊಮ್ಮೆ ನಿಲ್ಲಿಸುವುದಿಲ್ಲ.

ಪಾನಾ (ಸ್ಪ್ಯಾನರ್), ಬೆಲ್ಟು, ಸೂಜಿ-ಸುತಳಿಗೆಲ್ಲ ನಿಗದಿಯ ಜಾಗ ಮಾಡುವುದು ಸುಲಭದ ಕೆಲಸ, ಒಂದು ಭಾನುವಾರ ಸಾಕು.

ಕೈಹಿಡಿದು ಕಲಿಸುವವರು ಬೇಕಿದ್ದರೆ, ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಶುರು ಮಾಡಿದ ಎಂಎಸ್‌ಎಂಇ ಲೀನ್ ಯೋಜನೆ ಇದೆ, ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳಿಗೆಂದೇ. ಇಂಥ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಇರಬೇಕು. ಬೇಸಿಕ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್ಡ್ ಎಂದು ಮೂರು ಹಂತಗಳಿದ್ದು, ಮೇಲಿನ ಎರಡು ಹಂತಗಳಲ್ಲಿ ಸಲಹೆಯ ಖರ್ಚಿನಲ್ಲಿ ನೂರಕ್ಕೆ 90 ಭಾಗವನ್ನು ಸರ್ಕಾರವೇ ಭರಿಸುತ್ತದೆ.

ಯಾವಾಗ ಶುರು ಮಾಡಬೇಕು? ಮಳೆಗಾಲದಲ್ಲಿ, ಬಿಸಿಲಿಲ್ಲದೆ ಗಿರಣಿ ಮಂದವಾಗಿರುವಾಗ. ಡಿಸೆಂಬರಿನಲ್ಲಿ ಹೊಸ ತೊಗರಿ ಬರಲಾರಂಭಿಸಿದರೆ ಅಂಗಳದಲ್ಲಿ ಗೆರೆ ಎಳೆಯಲಿಕ್ಕೂ ಜಾಗ ಸಿಗುವುದಿಲ್ಲ.