ಸೌದೆ ಮರದ ಯುಕುಲೇಲೆ ಐದನೇ ಸಲಕ್ಕೆ ನುಡಿಯಿತು

ಅಕೇಶಿಯಾ ಮರದಲ್ಲಿ ಯುಕುಲೇಲೆ ಮಾಡಿದ್ದೇನೆ. ಗಿಟಾರಿನ ಹಾಗಿರುವ, ನಾಲ್ಕು ತಂತಿಯ ಪುಟ್ಟ ವಾದ್ಯ ಅದು. ಎರಡು ಮಳೆಗಾಲ, ಎರಡು ಬೇಸಿಗೆ ಕಳೆದವು. ಎಲ್ಲೂ ಬಿರುಕು ಬಿಟ್ಟಿಲ್ಲ. "ಬಚ್ಚಲ ಒಲೆಗೆ ಹಾಕೋ ಮರದಲ್ಲಿ ವಾದ್ಯ ಮಾಡ್ತೀಯಾ ಮಾರಾಯ?" ಎಂದು ಕೇಳಿದವರು ಶಿವಮೊಗ್ಗ ಜಿಲ್ಲೆಯ ಸಾಗರದ ಆಸುಪಾಸಿನಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ. ಉಳಿ, ಕೀಸುಳಿ ಹಿಡಿಯುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಅಕೇಶಿಯಾವೇ ಯಾಕೆ? ಹವಾಯಿಯಲ್ಲಿ ಒಳ್ಳೆಯ ಯುಕುಲೇಲೆ ಮಾಡುವುದು ಕೋವಾ ಮರದಲ್ಲಿ. ಕೋವಾ ಕೂಡ ಅಕೇಶಿಯಾದ ಕುಲವೇ. ಚಿತ್ರದಲ್ಲಿ ಅದರ ಎಲೆ ನೋಡಿದ ಕೂಡಲೇ ನನಗೆ ನಮ್ಮ ರಸ್ತೆ ಬದಿಯ ಮರ ನೆನಪಾಯಿತು. ಅದೇ ಕುಡುಗೋಲಿನ ಹಾಗೆ ಬಾಗಿದ ಎಲೆ. ಸಸಿಯಲ್ಲಿ ಮಾತ್ರ ಎರಡಕ್ಕೂ ಜಾಲಿಯ ಹಾಗೆ ಪುಡಿ ಎಲೆ ಇರುತ್ತದೆ. ಭದ್ರಾವತಿಯ ಪೇಪರ್ ಮಿಲ್ಲಿಗೆಂದು, ಸೌದೆಗೆಂದು ನಮ್ಮಲ್ಲಿ ಗುಡ್ಡಗುಡ್ಡವೇ ನೆಟ್ಟಿರುವ ಈ ಮರದ ಕೆಚ್ಚನ್ನು ಒಮ್ಮೆ ನಯ ಮಾಡಿ ಎಣ್ಣೆ ಹಚ್ಚಿ ನೋಡಿ. ಜೋನಿಬೆಲ್ಲದ ಬಣ್ಣ ಬರುತ್ತದೆ. ಇಷ್ಟು ಚಂದದ ಮರವನ್ನು ಸುಮ್ನೆ ಸುಡುತ್ತಿದ್ದೇವೆ.

ಮೊದಲನೆಯದನ್ನು ಮಾತ್ರ ಹಲಸಿನಲ್ಲಿ ಮಾಡಿದೆ. ವೀಣೆ ರಿಪೇರಿ ಮಾಡಿದ ಕೈ, ಹಲಸು ಗೊತ್ತಿತ್ತು. ಆದರೆ ವೀಣೆಯ ಅಭ್ಯಾಸದಲ್ಲೇ ಮೇಲಿನ ಹಲಗೆಯನ್ನು ನಾಲ್ಕು ಮಿಲಿಮೀಟರ್ ದಪ್ಪ ಬಿಟ್ಟೆ. ನೈಲಾನ್ ತಂತಿಗೆ ಅದನ್ನು ಅಲುಗಿಸುವ ಶಕ್ತಿ ಎಲ್ಲಿಂದ ಬರಬೇಕು? ಹಲಗೆ ಮೇಲೆ ಬೆರಳು ತಟ್ಟಿದ ಹಾಗೆ ಕೇಳುತ್ತಿತ್ತು.

ಎರಡನೆಯದು ಅಕೇಶಿಯಾ. ಸಾ ಮಿಲ್ಲಿನಲ್ಲಿ ಒಂದು ದಿಮ್ಮಿಯನ್ನು ಸೌದೆ ರೇಟಿಗೆ ಕೊಟ್ಟರು. ಸುಮಾರು ಏಳುನೂರು ರೂಪಾಯಿ, ಕೊಯ್ಯುವ ಕೂಲಿ ಬೇರೆ. ಹಲಗೆಗಳನ್ನು ಅಂಗಳದ ಬಿಸಿಲಿಗೆ ಇಟ್ಟೆ. ಒಂದೇ ವಾರದಲ್ಲಿ ತುದಿಯಿಂದ ಗೇಣುದ್ದ ಸೀಳಿಕೊಂಡವು. ಹದಿನಾಲ್ಕರಲ್ಲಿ ಮೂರು ಉಳಿದವು. ಆ ಮೂರರಲ್ಲೇ ಹೇಗೋ ಹೊಂದಿಸಿ, ಪುನರ್ವಸು ಮಳೆ ಹೊಡೆಯುತ್ತಿದ್ದಾಗ ಹಲಗೆಗೆ ಒಳಗಿನಿಂದ ಬಲ ಕೊಡುವ ಒಳಪಟ್ಟಿಗಳನ್ನು ಅಂಟಿಸಿದೆ. ಮಾರ್ಚಿಯಲ್ಲಿ ಬೆನ್ನಿನ ಹಲಗೆ ಉದ್ದಕ್ಕೂ ಬಿರಿಯಿತು. ತಪ್ಪು ಮರದ್ದಲ್ಲ, ನನ್ನದು. ಮಳೆಗಾಲದಲ್ಲಿ ಹಲಗೆ ಉಬ್ಬಿರುತ್ತದೆ. ಉಬ್ಬಿದಾಗ ಒಳಪಟ್ಟಿಯನ್ನು ಅಡ್ಡಕ್ಕೆ ಹಾಕಿ ಬಿಗಿದರೆ ಬೇಸಿಗೆಯಲ್ಲಿ ಅದಕ್ಕೆ ಕುಗ್ಗಲು ಜಾಗವೇ ಇರುವುದಿಲ್ಲ. ಈಗ ಒಳಪಟ್ಟಿ ಅಂಟಿಸುವುದು ಶಿವರಾತ್ರಿಯಿಂದ ಯುಗಾದಿಯ ಒಳಗೆ ಮಾತ್ರ. ವರ್ಷಕ್ಕೆ ಅಷ್ಟೇ ದಿನ ಸಿಕ್ಕರೂ ಚಿಂತೆಯಿಲ್ಲ.

ಒಣಗಿಸುವುದನ್ನೂ ಬದಲಾಯಿಸಿದೆ. ಕೊಯ್ದ ದಿನವೇ ಹಲಗೆಯ ಎರಡೂ ತುದಿಗೆ ಲೇಪ ಹಚ್ಚಿ, ನಡುವೆ ಪಟ್ಟಿ ಕೊಟ್ಟು ಪೇರಿಸಿ, ಮೇಲೆ ಕಲ್ಲು ಹೇರಿ ನೆರಳಿನಲ್ಲಿ ಒಂದು ವರ್ಷ. ಆಮೇಲೆ ಬಚ್ಚಲ ಮನೆಯ ಅಟ್ಟಕ್ಕೆ. ಲೇಪದಲ್ಲಿ ಮೇಣ ಇದೆ, ಇನ್ನೊಂದು ವಸ್ತುವೂ ಇದೆ. ಅದನ್ನು ಹೇಳುವುದಿಲ್ಲ, ಕಂಡುಕೊಳ್ಳಲು ನನಗೆ ಎರಡು ದಿಮ್ಮಿ ಖರ್ಚಾಗಿದೆ. ಈಗ ಹತ್ತು ಹಲಗೆಯಲ್ಲಿ ಎಂಟು ಉಳಿಯುತ್ತವೆ.

ಮೂರು, ನಾಲ್ಕನೆಯದು ಕೆಟ್ಟಿದ್ದು ಸೊಂಟದಲ್ಲಿ. ಗಿಟಾರಿನ ಹಾಗೆ ಎಂಟರ ಆಕಾರ ಮಾಡಲು ಹೋಗಿದ್ದೆ. ಎರಡಿಂಚಿನ ಜಿಐ ಪೈಪನ್ನು ಕಾಯಿಸಿ, ವಾದ್ಯದ ಪಕ್ಕಕ್ಕೆ ಬರುವ ಒದ್ದೆ ಪಟ್ಟಿಯನ್ನು ಅದರ ಮೇಲೆ ಒತ್ತಿ ಬಗ್ಗಿಸುವುದು. ಹೊಟ್ಟೆಯ ಭಾಗ ಸಲೀಸಾಗಿ ಬಾಗುತ್ತದೆ. ಸೊಂಟಕ್ಕೆ ಬಂದು ತಿರುಗಿಸಿದ ಕೂಡಲೇ ಚಟ್! ನನ್ನ ಮರದಲ್ಲಿ ನಾರು ಒಂದಕ್ಕೊಂದು ಹೆಣೆದುಕೊಂಡಿತ್ತು. ಹನ್ನೊಂದು ಪಟ್ಟಿ ಮುರಿದೆ. ನಾಲ್ಕನೆಯದಕ್ಕೆ ಪಟ್ಟಿಯನ್ನು ರಾತ್ರಿಯಿಡೀ ನೆನೆಹಾಕಿ, ತಗಡಿನ ಆಸರೆ ಕೊಟ್ಟು ಹೇಗೋ ಬಗ್ಗಿಸಿದೆ. ಆದರೆ ಆಷಾಢದಲ್ಲಿ ಆ ಸೊಂಟದ ಅಂಟೇ ಬಿಟ್ಟುಕೊಂಡಿತು. ಅಲ್ಲಿಗೆ ಹತ್ತಿರ ಹತ್ತಿರ ಹದಿನೆಂಟು ಸಾವಿರ ಹೋಗಿತ್ತು. ಬಿರಡೆ, ತಂತಿ, ಫ್ರೆಟ್ ಎಂಬ ಮೆಟ್ಟಿಲಿನ ತಂತಿಗೇ ಅದರಲ್ಲಿ ಅರ್ಧ. ಮನೆಯಲ್ಲಿ "ಸಾಕು ಬಿಡಿ, ಅಡಿಕೆ ಸುಲಿಯಲು ಜನ ಇಲ್ಲ" ಎಂದರು. ಅವರದೂ ತಪ್ಪಲ್ಲ.

ಆಗ ನನ್ನ ಕೈಗೆ ಬಂದಿದ್ದು ಹವಾಯಿಯ ಕಮಾಕ ಕಾರ್ಖಾನೆಯ ಯುಕುಲೇಲೆ. ಅಮೆರಿಕದಲ್ಲಿರುವ ನೆಂಟರ ಹುಡುಗ ರಜೆಗೆ ಬಂದವನು ಒಂದು ಹಳೆಯ ಪೈನಾಪಲ್ ಯುಕುಲೇಲೆ ತಂದಿದ್ದ. ಎರಡು ದಿನ ನನ್ನಲ್ಲಿ ಬಿಟ್ಟ. ನಾನು ಒಂದು ರಾಗವನ್ನೂ ನುಡಿಸಲಿಲ್ಲ. ಅಳತೆ ತೆಗೆದೆ, ತಟ್ಟಿದೆ, ಕನ್ನಡಿ ಹಾಕಿ ಒಳಗೆ ನೋಡಿದೆ. ಅದಕ್ಕೆ ಸೊಂಟವೇ ಇಲ್ಲ. ಅನಾನಸಿನ ಹಾಗೆ ದುಂಡು. ನನ್ನ ಹನ್ನೊಂದು ಪಟ್ಟಿ ಮುರಿದ ಜಾಗವನ್ನೇ ಈ ಆಕಾರ ಹುಡುಕಿದ ಸ್ಯಾಮ್ ಕಮಾಕ ಎಂಬ ಮನುಷ್ಯ ತೆಗೆದುಹಾಕಿದ್ದ!

ಸ್ಯಾಮ್ ಕಮಾಕ ಕೆಲಸ ಕಲಿತಿದ್ದು ಮ್ಯಾನುಯೆಲ್ ನೂನೆಸ್ ಹತ್ತಿರ. ನೂನೆಸ್ ಎಂದರೆ 1879ರಲ್ಲಿ ಪೋರ್ಚುಗಲ್ಲಿನ ಮಡೀರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಹಡಗಿನಲ್ಲಿ ಹವಾಯಿಯ ಹೊನೊಲುಲುಗೆ ಬಂದ ಮೂವರು ಮರಗೆಲಸದವರಲ್ಲಿ ಒಬ್ಬ. ಅವರ ಊರಿನ ಮಶೇತ್ ಎಂಬ ಪುಟ್ಟ ವಾದ್ಯವೇ ಅಲ್ಲಿ ಯುಕುಲೇಲೆ ಆಯಿತು. ಅಂಥ ಗುರುವಿನ ಹತ್ತಿರ ಕಲಿತವನು ಗುರುವಿನ ಆಕಾರವನ್ನೇ ಮಾಡುತ್ತಾ ಇರಬಹುದಿತ್ತು, ಅಲ್ವಾ? ಕಮಾಕ 1916ರಲ್ಲಿ ಮನೆಯ ನೆಲಮಾಳಿಗೆಯಲ್ಲಿ ಸ್ವಂತ ಕೆಲಸ ಶುರು ಮಾಡಿದ. ಆಮೇಲೆ ಈ ಅಂಡಾಕಾರ ಹುಡುಕಿದ, 1928ರಲ್ಲಿ ಪೇಟೆಂಟ್ ಪಡೆದ. ಗೆಳೆಯನಾದ ಕಲಾವಿದನೊಬ್ಬ ಅದರ ಮೇಲೆ ಅನಾನಸಿನ ಚಿತ್ರ ಬರೆದನಂತೆ, ಹೆಸರು ಹಾಗೇ ನಿಂತಿತು. ಸೊಂಟ ಇಲ್ಲದ್ದರಿಂದ ಹೊಟ್ಟೆಯೊಳಗೆ ಜಾಗ ಜಾಸ್ತಿ, ನಾದವೂ ಸ್ವಲ್ಪ ತುಂಬಿ ಬರುತ್ತದೆ. ಮರಕ್ಕೂ ಹಿಂಸೆ ಕಡಿಮೆ. ಇದು ಎಂಥ ಕೆಲಸ ಎಂದು ತಿಳಿಯಬೇಕಾದರೆ ಕೈಯಲ್ಲಿ ಪಟ್ಟಿ ಮುರಿದಿರಬೇಕು. ನನಗೆ ಆ ಮನುಷ್ಯನ ಮೇಲೆ ಇರುವ ಗೌರವ ಅಲ್ಲಿಂದ ಬಂದದ್ದು.

ಇನ್ನೂ ಒಂದು ಪಾಠ ಅವರ ಕಾರ್ಖಾನೆಯಿಂದಲೇ ಸಿಕ್ಕಿತು. ಅಲ್ಲಿ ಕಿವಿ ಕೇಳದವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಅವರು ಹಲಗೆ ತಟ್ಟಿ, ಬೆರಳಿಗೆ ಬರುವ ಕಂಪನದಲ್ಲೇ ದಪ್ಪ ಸಾಕೋ ಬೇಡವೋ ಎಂದು ತಿಳಿಯುತ್ತಿದ್ದರಂತೆ. ಓದಿದ ಮೇಲೆ ನಾನೂ ಕಿವಿಗೆ ಹತ್ತಿ ಇಟ್ಟುಕೊಂಡು ಹಲಗೆ ಕೆರೆಯಲು ಕೂತೆ. ಎರಡೂವರೆ ಮಿಲಿ ತನಕ ಹಲಗೆ ಸತ್ತ ಹಾಗೆ ಇರುತ್ತದೆ. ಎರಡಕ್ಕಿಂತ ಸ್ವಲ್ಪ ಕೆಳಗೆ ಬಂದಾಗ ಹಿಡಿದ ಬೆರಳಿನಲ್ಲಿ ಜುಮ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮಾಪಕಕ್ಕಿಂತ ಇದನ್ನೇ ಈಗ ಜಾಸ್ತಿ ನಂಬುತ್ತೇನೆ.

ಐದನೆಯದನ್ನು ಪೈನಾಪಲ್ ಆಕಾರದಲ್ಲೇ ಮಾಡಿದೆ. ಪಟ್ಟಿ ಒಂದೇ ಸಲಕ್ಕೆ ಬಾಗಿತು, ಸುಮಾರು ಇಪ್ಪತ್ತು ನಿಮಿಷ. ಕೆಳಗಿನ ತಿರುವಿನಲ್ಲಿ ಮಾತ್ರ ನಿಧಾನ ಮಾಡಿದೆ. ಬೆರಳುಹಲಗೆ, ತಂತಿ ಹೊರುವ ಕುದುರೆ ಎರಡೂ ಬೀಟೆ, ಹಳೆಯ ಮಂಚದ ಕಾಲಿನದು. ಒಳಪಟ್ಟಿ ಎರಡೇ. ಅವನ್ನು ಎಲ್ಲಿ ಕೂರಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ. ತಂತಿ ಕಟ್ಟಿ ಮೊದಲ ಸಲ ಮೀಟಿದಾಗ ಕೊಟ್ಟಿಗೆಯಲ್ಲಿದ್ದ ಮಗಳು ಹೊರಗೆ ಬಂದು "ಅಪ್ಪಯ್ಯ, ರೇಡಿಯೋ ಹಾಕಿದ್ರಾ?" ಎಂದಳು.

ನಡುವೆ ಮೀನಿನ ಗಾಳದ ಫ್ಲೋರೋಕಾರ್ಬನ್ ದಾರವನ್ನೂ ಕಟ್ಟಿ ನೋಡಿದೆ. ಒಂದು ಸುರುಳಿಯಲ್ಲಿ ಹತ್ತಾರು ವಾದ್ಯಕ್ಕಾಗುತ್ತದೆ, ಒಂದಕ್ಕೆ ಮೂವತ್ತು ರೂಪಾಯಿಯೂ ಬೀಳುವುದಿಲ್ಲ. ದನಿ ಪರವಾಗಿಲ್ಲ, ಚುರುಕಾಗಿದೆ. ಸಿಲ್ವರ್ ಓಕಿನಲ್ಲಿ ಕುತ್ತಿಗೆ ಮಾಡಿದ್ದು ಮಾತ್ರ ಆರು ತಿಂಗಳಲ್ಲಿ ಬಾಗಿತು. ಆ ದಾರಿಗೆ ಹೋಗಬೇಡಿ.

ಈ ತನಕ ಪೈನಾಪಲ್ ಆಕಾರದಲ್ಲಿ ಒಂಬತ್ತು ಮಾಡಿದ್ದೇನೆ. ಆರು ಮಾರಾಟವಾದವು, ಒಂದಕ್ಕೆ ಒಂಬತ್ತರಿಂದ ಹನ್ನೊಂದು ಸಾವಿರ. ಸಾಮಾನಿಗೆ ಎರಡು ಸಾವಿರದ ಆಚೀಚೆ ಬೀಳುತ್ತದೆ, ಕೆಲಸ ಹನ್ನೆರಡು ದಿನ. ಹೋದ ಹದಿನೆಂಟು ಸಾವಿರ ವಾಪಸ್ ಬಂದು ಮೇಲೆ ಒಂದಿಷ್ಟು ಉಳಿದಿದೆ. ಅಟ್ಟದ ಮೇಲೆ ಈಗ ನಲವತ್ತು ಹಲಗೆ ಇವೆ. ಬರುವ ಶಿವರಾತ್ರಿಗೆ ಇಳಿಸುತ್ತೇನೆ.