ಹಳೇ ಮಕ್ಕಳ ಫೋಟೋ: ಮುಖ ಆಮೇಲೆ, ಕಾಲು ಮೊದಲು

ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಸ್ಟುಡಿಯೋ ಫೋಟೋ ಕಂಡರೆ ಎಲ್ಲರ ಕಣ್ಣೂ ಮಗುವಿನ ಮುಖಕ್ಕೆ ಹೋಗುತ್ತದೆ. ನಾನು ಕಾಲಿನಿಂದ ಶುರು ಮಾಡುತ್ತೇನೆ. ನೀವೂ ಭೂತಗನ್ನಡಿ ಹಿಡಿದು ಹಾಗೇ ಮಾಡಿ ನೋಡಿ.

ಮಗು ನಿಂತಿದ್ದರೆ ಹಿಮ್ಮಡಿಯ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಬುಡ ಇದೆಯಾ ಹುಡುಕಿ. ತಲೆ ಅಲುಗಬಾರದು ಅಂತ ಹಿಂದಿನಿಂದ ಆನಿಸುತ್ತಿದ್ದ ಸ್ಟ್ಯಾಂಡ್ ಅದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ತಿಳಿಸಿಕೊಟ್ಟ ಕೊಲೋಡಿಯನ್ ವಿಧಾನದಲ್ಲಿ, ಕೊಲೋಡಿಯನ್ ಅನ್ನುವ ಅಂಟು ದ್ರವ ಬಳಿದ ಗಾಜಿನ ಪ್ಲೇಟ್ ಒದ್ದೆ ಇರುವಾಗಲೇ ಕೆಲಸ ಮುಗಿಯಬೇಕು. ಸ್ಟುಡಿಯೋ ಬೆಳಕಿನಲ್ಲಿ ಲೆನ್ಸ್ ಕೆಲವು ಸೆಕೆಂಡಾದರೂ ತೆರೆದಿರಬೇಕು. ಎರಡು ವರ್ಷದ ಮಗು ಅಷ್ಟು ಹೊತ್ತು ಸುಮ್ನೆ ಇರುತ್ತದಾ? ಎಲ್ಲಿ ಕೂರಿಸಬೇಕು, ಕೈ ಯಾವುದರ ಮೇಲೆ ಇಡಿಸಬೇಕು ಅನ್ನುವುದೆಲ್ಲ ಬಹುಪಾಲು ಈ ಫಜೀತಿಯಿಂದಲೇ ಹುಟ್ಟಿದ್ದು. ಪಕ್ಕದ ಜಾಲರಿ ಕುರ್ಚಿ ಅಂದಕ್ಕಷ್ಟೇ ಅಲ್ಲ, ಒರಗಿಕೊಳ್ಳುವುದಕ್ಕೂ ಹೌದು.

ಸ್ಟ್ಯಾಂಡ್ ಕಂಡ ತಕ್ಷಣ ‘ಅಯ್ಯೋ, ಸತ್ತ ಮಗುವನ್ನು ನಿಲ್ಲಿಸಿದ್ದಾರೆ’ ಅನ್ನುವವರು ಜಾಸ್ತಿ. ನಂಬಬೇಡಿ. ಅದಕ್ಕೆ ಹೆಣದ ಭಾರ ಹೊರುವ ತಾಕತ್ತಿಲ್ಲ. ಅಲುಗಾಡುವವರಿಗೆ ತಾನೇ ಅದು ಬೇಕಿದ್ದದ್ದು?

ಆಮೇಲೆ ಮಗುವಿನ ಸೊಂಟ ನೋಡಿ. ನನ್ನ ಹತ್ತಿರ ಒಂದು ಕಾರ್ತ್ ದ ವಿಸೀತ್, ಅಂದರೆ ರಟ್ಟಿಗೆ ಅಂಟಿಸಿದ ಪುಟ್ಟ ಫೋಟೋ ಇದೆ. 1854ರಲ್ಲಿ ಪ್ಯಾರಿಸ್ಸಿನ ಫೋಟೋಗ್ರಾಫರ್ ದಿಸ್ದೇರಿ ಪೇಟೆಂಟ್ ಪಡೆದ ನಮೂನೆ, ಸುಮಾರು 6 ಸೆಂಟಿಮೀಟರ್ ಅಗಲ, 10 ಎತ್ತರದ ರಟ್ಟು. ಕೂಸು ಹೂವಿನ ಬಟ್ಟೆ ಹೊದಿಸಿದ ಕುರ್ಚಿ ಮೇಲೆ ಕೂತ ಹಾಗಿದೆ. ಆದರೆ ಆ ‘ಕುರ್ಚಿ’ಗೆ ಎರಡು ಮಂಡಿ ಇವೆ! ಕೂಸಿನ ಎಡಪಕ್ಕೆಯಲ್ಲಿ ಬಟ್ಟೆಯೊಳಗಿಂದ ನಾಲ್ಕು ಬೆರಳು ಬಿಗಿಯಾಗಿ ಒತ್ತಿಕೊಂಡಿವೆ. ಅಮ್ಮನೋ ಆಯಾನೋ, ಮುಸುಕು ಹಾಕಿಕೊಂಡು ಕೂತಿದ್ದಾರೆ. ಕೂಸಿನ ಮುಖ ಚೊಕ್ಕವಾಗಿ ಬಂದಿದೆ, ಬಲಗಾಲು ಮಾತ್ರ ಮಂಜು ಮಂಜು. ಒದ್ದಿರಬೇಕು, ಪಾಪ.

ಬರೀ ತಲೆ, ಭುಜ ಉಳಿದು ಸುತ್ತ ಬಿಳಿಗೆ ಕರಗಿದ್ದರೂ ಸ್ವಲ್ಪ ಅನುಮಾನಪಡಿ. ಪ್ರಿಂಟ್ ಹಾಕುವಾಗ ಅಂಚು ಮರೆಮಾಡಿದರೆ ಹಾಗೆ ಬರುತ್ತದೆ. ಹಿಡಿದುಕೊಂಡವರ ಕೈ ಆ ಬಿಳಿಯಲ್ಲೇ ಮಾಯವಾಗಿರಬಹುದು. 1880ರ ದಶಕಕ್ಕೆ ಬೇಗ ಬೆಳಕು ಹಿಡಿಯುವ ಒಣ ಪ್ಲೇಟುಗಳು ಬಳಕೆಗೆ ಬಂದವು. ಮಕ್ಕಳ ಮೈ ಸಡಿಲವಾಗಿದ್ದು ಆಗಲೇ.

ಬಟ್ಟೆ ವಿಷಯದಲ್ಲಿ ಅವಸರ ಬೇಡ. ಫ್ರಾಕ್ ಇದ್ದರೆ ಹುಡುಗಿ ಅಂತಲ್ಲ, ಪುಟ್ಟ ಹುಡುಗರಿಗೂ ಆಗ ಫ್ರಾಕೇ. ಬೈತಲೆ ಪಕ್ಕಕ್ಕಿದ್ದರೆ ಹುಡುಗನಿರಬಹುದು, ಅದೂ ಗ್ಯಾರಂಟಿ ಇಲ್ಲ. ಇನ್ನು ಬಣ್ಣ. ಕೊಲೋಡಿಯನ್ನಿಗೆ ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ ಅನ್ನಬಹುದು. ಹಾಗಾಗಿ ನೀಲಿ ಕಣ್ಣು ಬಿಳಿಚಿಕೊಂಡು ಬರುತ್ತದೆ, ಕೆಂಪು ಬಟ್ಟೆ ಕಪ್ಪಾಗಿ ಬರುತ್ತದೆ. ಕಪ್ಪು ಫ್ರಾಕ್ ಕಂಡು ಮನೆಯಲ್ಲಿ ಸೂತಕ ಇತ್ತು ಅನ್ನಬೇಡಿ, ಅದು ಹಬ್ಬಕ್ಕೆ ಹೊಲಿಸಿದ ಕೆಂಪು ಫ್ರಾಕೂ ಆಗಿರಬಹುದು.