ಗೆಳೆಯರಿಗೆ ಫೈಟಿಂಗ್ ಗೇಮ್ ಕಲಿಸುವುದು: ಕಾಂಬೋ ಆಮೇಲೆ

ಸ್ಟ್ರೀಟ್ ಫೈಟರ್ 6 ಕಲಿಯಲು ಬಂದವರಿಗೆ ಮೊದಲೇ ಉದ್ದುದ್ದ ಕಾಂಬೋ (ಬಿಡುವಿಲ್ಲದೆ ಸಾಲಾಗಿ ಬೀಳುವ ಏಟುಗಳು) ಹೇಳಿಕೊಡಬೇಡಿ. ಹೊಸಬರು ಹೆಚ್ಚಾಗಿ ಸೋಲುವುದು ಎದುರಾಳಿಯ ಜಿಗಿತಕ್ಕೆ. ಅದನ್ನು ತಡೆಯುವುದೇ ಮೊದಲ ಪಾಠವಾಗಲಿ.

ಅವರು ಆಡುವ ಪಾತ್ರ ರ್ಯೂ ಆದರೆ ಕೆಳಗೆ ಒತ್ತಿಹಿಡಿದು ಹೆವಿ ಪಂಚ್ (ಜೋರು ಗುದ್ದಿನ ಬಟನ್) ಸಾಕು. ಮೇಲಕ್ಕೆ ಜಿಗಿದು ಗುದ್ದುವ ವಿಶೇಷ ಏಟಾದ ಶೋರ್ಯುಕೆನ್ ಆಮೇಲೆ ಕಲಿಯಲಿ. ಟ್ರೇನಿಂಗ್ ಮೋಡ್‌ನಲ್ಲಿ ಡಮ್ಮಿಗೆ (ಅಭ್ಯಾಸದ ಎದುರಾಳಿಗೆ) ಮೂರು ಚಲನೆ ರೆಕಾರ್ಡ್ ಮಾಡಿ: ಮುಂದಕ್ಕೆ ಜಿಗಿದು ಒದೆಯುವುದು, ನಡೆದು ಬರುವುದು, ಸುಮ್ಮನೆ ಕೂತು ಬ್ಲಾಕ್ ಮಾಡುವುದು. ಮೂರನ್ನೂ ರ್‍ಯಾಂಡಮ್ ಆಗಿ ಓಡಿಸಿ. ಬರೀ ಜಿಗಿತ ಇಟ್ಟರೆ ಕಣ್ಣು ಕಲಿಯುವುದಿಲ್ಲ, ಕೈ ತಾಳ ಹಿಡಿದುಬಿಡುತ್ತದೆ. ಪಂದ್ಯದಲ್ಲಿ ಅದು ಕೆಲಸಕ್ಕೆ ಬಾರದು. 10 ಜಿಗಿತಗಳಲ್ಲಿ 7 ತಡೆದರೆ ಮುಂದಕ್ಕೆ ಹೋಗಿ. ಏಟು ಪದೇ ಪದೇ ತಡವಾಗುತ್ತಿದ್ದರೆ ಅವರು ಬಹುಶಃ ತಮ್ಮ ಪಾತ್ರವನ್ನೇ ನೋಡುತ್ತಿರುತ್ತಾರೆ. ಕಣ್ಣು ಎದುರಾಳಿಯ ಮೇಲಿರಲಿ.

ಮುಂದಿನದು ಪನಿಶ್, ಅಂದರೆ ಎದುರಾಳಿಯ ಏಟು ವ್ಯರ್ಥವಾದಾಗ ತಿರುಗಿ ಹೊಡೆಯುವುದು. ಉದಾಹರಣೆಗೆ, ಇನ್ನೊಂದು ಪಾತ್ರವಾದ ಕೆನ್‌ನ ಶೋರ್ಯುಕೆನ್ ಬ್ಲಾಕ್ ಮಾಡಿ, ಅವನು ನೆಲ ಮುಟ್ಟಿದೊಡನೆ ಹೊಡೆಯುವುದು. ಫ್ರೇಮ್ ಮೀಟರ್ (ಚಲನೆಗಳ ಸಮಯವನ್ನು ಫ್ರೇಮ್ ಲೆಕ್ಕದಲ್ಲಿ ತೋರಿಸುವ ಪಟ್ಟಿ) ಹಾಕಿ ತೋರಿಸಿ: ಸೆಕೆಂಡಿಗೆ 60 ಫ್ರೇಮ್, ಅವನು ಎಷ್ಟು ಹೊತ್ತು ಅಲುಗಾಡಲಾರ ಎಂಬುದು ಕಣ್ಣಿಗೇ ಕಾಣುತ್ತದೆ.

ಪಂದ್ಯದಲ್ಲಿ ಬೇಕೆಂದೇ ಸೋಲಬೇಡಿ, ಅದು ಅವರಿಗೆ ಗೊತ್ತಾಗುತ್ತದೆ. ಬದಲಿಗೆ ನಿಮ್ಮ ಆಟಕ್ಕೇ ಮಿತಿ ಹಾಕಿಕೊಳ್ಳಿ: ಜಿಗಿತ, ಥ್ರೋ (ಹಿಡಿದು ಎಸೆಯುವುದು), ಎರಡು ನಾರ್ಮಲ್ (ಸಾದಾ ಏಟು), ಅಷ್ಟೇ. ಆಟ ಮುಗಿದ ಮೇಲೆ ರೀಪ್ಲೇ ನೋಡಿ ಒಂದೇ ತಪ್ಪು ಹೇಳಿ. ಐದು ಹೇಳಿದರೆ ಒಂದೂ ತಲೆಯಲ್ಲಿ ನಿಲ್ಲದು.